ಕಾರಹುಣ್ಣಿಮೆಯ ಫಟಫಟಿ

ಹನ್ನೂರಿನ ಅಗಸಿಬಾಗಿಲ ಮುಂದೆ ಊರ ಗಂಡಸರು ನನ್ನ ಅಣ್ಣನನ್ನು ಸುತ್ತುಗಟ್ಟಿ ನಿಂತಾಗ ನಾನು ಆರತಿ ತಟ್ಟೆ ಹಿಡಿದುಕೊಂಡು ಅಲ್ಲೇ, ಹೆಂಗಸರ ಸಾಲಿನಲ್ಲಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಅದನ್ನೇ ಬರೆಯಲು ಕೂತಿದ್ದೇನೆ. ನಾನು ಸಾಲಿ ಕಲಿತದ್ದು ಮರಾಠಿಯಲ್ಲಿ, ಅದೂ ಎರಡು ಇಯತ್ತೆ ಮಾತ್ರ. ಕನ್ನಡ ಅಕ್ಷರ ತಿದ್ದಿಸಿದವನು ಇದೇ ಅಣ್ಣ.

ನಮ್ಮ ತವರು ಮೈಂದರ್ಗಿ. ನನ್ನನ್ನು ಹನ್ನೂರಿಗೆ ಕೊಟ್ಟಿದ್ದರು. ಅಣ್ಣ ಸೊಲ್ಲಾಪುರದ ಒಂದು ಅಡತಿ ಅಂಗಡಿಯಲ್ಲಿದ್ದ. ಹಳ್ಳಿ ಹಳ್ಳಿ ತಿರುಗಿ ರೈತರನ್ನು ಮಾತಾಡಿಸಿ, ಅವರ ಶೇಂಗಾ, ತೊಗರಿ ತನ್ನ ಸಾವಕಾರನ ಅಂಗಡಿಗೇ ಬರುವಂತೆ ನೋಡಿಕೊಳ್ಳುವುದು ಅವನ ಕೆಲಸ. ರೈತರು ನಂಬಿದರೆ ಮಾತ್ರ ಅವನಿಗೆ ಅನ್ನ. ಇಪ್ಪತ್ತರ ದಶಕದ ಕೊನೆಕೊನೆಗೆ ಸಾವಕಾರ ಯಾರೋ ಸಾಹೇಬನ ಹಳೆಯ ಮೋಟಾರ್ ಸೈಕಲ್ ಕೊಂಡು ಅವನ ಕೈಗೆ ಕೊಟ್ಟ. ನಮ್ಮ ಕಡೆ ಅದಕ್ಕೆ ಫಟಫಟಿ ಎನ್ನುತ್ತಿದ್ದರು.

ಅದರ ಹೊಗೆಕೊಳವೆಗೆ ಒಂದು ಮುಚ್ಚಳವಿತ್ತು. ಮುಚ್ಚಿದ್ದರೆ ಗಾಡಿ ಹೊಲಿಗೆ ಯಂತ್ರದ ಹಾಗೆ ಸುಮ್ಮನೆ ಓಡುತ್ತಿತ್ತು. ಹಿಡಿಕೆಯ ಹತ್ತಿರದ ತಂತಿ ಎಳೆದರೆ ಮುಚ್ಚಳ ತೆರೆದು, ಬಂದೂಕಿನ ಸಪ್ಪಳ ಹೊಲಗಳನ್ನು ದಾಟಿ ಹೋಗುತ್ತಿತ್ತು. ಅಣ್ಣ ಅದನ್ನು ತೆರೆಯುತ್ತಿರಲಿಲ್ಲ. ಎದುರಿಗೆ ಚಕ್ಕಡಿ ಬಂದರೆ ಇಳಿದು, ಯಂತ್ರ ನಿಲ್ಲಿಸಿ, ತಳ್ಳಿಕೊಂಡು ದಾಟುತ್ತಿದ್ದ. ಅಕ್ಕಲಕೋಟೆಯಿಂದ ಔಷಧ ತರಲು ಜನ ಅವನಿಗೇ ಹೇಳುತ್ತಿದ್ದರು. ಕೂಸುಗಳನ್ನು ಎತ್ತಿ ಸೀಟಿನ ಮೇಲೆ ಕೂರಿಸುತ್ತಿದ್ದರು. ಸೊಲ್ಲಾಪುರದ ಸಿರಿವಂತರ ಮಕ್ಕಳು ಅದೇ ರಸ್ತೆಯಲ್ಲಿ ಸಪ್ಪಳ ಎಬ್ಬಿಸಿಕೊಂಡು ಹೋದರೆ ಮಾತ್ರ ಮುದುಕರು ಉಗಿದು, "ಇವಕ್ಕ ಮಸ್ತಿ ಬಂದದ. ನಮ್ಮ ಹುಡುಗ ಹಂಗಲ್ಲ" ಎನ್ನುತ್ತಿದ್ದರು.

ಆ ಮುಚ್ಚಳ ತೆರೆಯಲು ಹೇಳಿದವಳು ನಾನು.

ಒಂದು ಸಲ ಅಣ್ಣ ಬಂದಾಗ ನಾನು ಒಳಗೆ ಜೋಳ ಬೀಸುತ್ತಿದ್ದೆ. ಬೀಸುಕಲ್ಲಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅತ್ತೆ ಹೊಸ್ತಿಲಿನಲ್ಲೇ ನಿಂತು, "ಹೊಲಕ್ಕ ಹೋಗ್ಯಾಳ" ಎಂದು ಅವನನ್ನು ಹಾಗೆಯೇ ಕಳಿಸಿಬಿಟ್ಟಳು. ತವರಿನವರ ಮುಖ ಕಂಡರೆ ಸೊಸೆ ಕೆಡುತ್ತಾಳೆ ಎಂಬುದು ಅವಳ ತಿಳಿವಳಿಕೆ. ಸಂಜೆ ನೆರೆಮನೆಯವಳು ಹೇಳಿದಾಗ ನನಗೆ ಗೊತ್ತಾಯಿತು. ಮುಂದಿನ ಸಲ ಅವನ ಕಾಲಿಗೆ ನೀರು ಕೊಡುತ್ತ ಮೆಲ್ಲಗೆ ಹೇಳಿದೆ.

"ಹಳ್ಳದ ತಿರುವಿನ್ಯಾಗ ಆ ಮುಚ್ಚಳಾ ತೆಗಿ ಅಣ್ಣಾ. ಸಪ್ಪಳಾ ಕೇಳಿದಕೂಡ್ಲೆ ಬಾಗಲಿಗೆ ಬಂದು ನಿಂತಿರ್ತೀನಿ."

"ಹುಚ್ಚಿ, ದನಾ ಬೆದರ್ತಾವ. ಮಂದಿ ಏನಂದಾರು?"

"ಮಂದಿ ಮಾರಿ ನೋಡ್ತಿ, ತಂಗಿ ಮಾರಿ ನೋಡೂದಿಲ್ಲೇನು?"

ಅವನು ತಲೆ ಕೆರೆದುಕೊಂಡು ನಕ್ಕ. ಮುಂದಿನ ಸಲ ಹಳ್ಳದ ತಿರುವಿನಲ್ಲಿ ಸಪ್ಪಳ ಎದ್ದಿತು. ಅತ್ತೆ ಏಳುವ ಮೊದಲೇ ನಾನು ತಂಬಿಗೆ ಹಿಡಿದು ಬಾಗಿಲಲ್ಲಿದ್ದೆ.

ಊರು ಬದಲಾಗಲು ಬಹಳ ದಿನ ಬೇಕಾಗಲಿಲ್ಲ. ಬಾವಿಯ ಹತ್ತಿರ ಹೆಂಗಸರು ಕೇಳುತ್ತಿದ್ದರು: "ಏನವಾ, ನಿಮ್ಮಣ್ಣಗ ಸೊಕ್ಕ ನೆತ್ತಿಗೇರಿತೇನು? ಬರಾಂವ ಒಬ್ಬ, ಸಪ್ಪಳಾ ಪಲ್ಟಣದ್ದು!" ನಾನೂ ಅವರ ಜೊತೆ ನಗುತ್ತಿದ್ದೆ. ಔಷಧ ತಾ ಎನ್ನುವವರು ಕಡಿಮೆಯಾದರು. ಸಪ್ಪಳ ಕೇಳಿದರೆ ತಾಯಂದಿರು ಕೂಸುಗಳನ್ನು ಒಳಗೆ ಎಳೆದುಕೊಳ್ಳತೊಡಗಿದರು. ಮನುಷ್ಯ ಅವನೇ, ಗಾಡಿ ಅದೇ. ನನಗೆ ಕಾಣಿಸುತ್ತಿತ್ತು. ಸಾಕು ಮಾಡು ಎಂದು ಅವನಿಗೆ ಹೇಳಲಿಲ್ಲ.

ಆ ವರ್ಷದ ಕಾರಹುಣ್ಣಿಮೆ ಬಂತು. ಎತ್ತುಗಳಿಗೆ ಬಣ್ಣ ಬಳಿದು, ಕೊಂಬಿಗೆ ಹಿತ್ತಾಳೆಯ ಕೊಡಣಸು ಹಾಕಿ, ಊರ ಹೊರಗಿನಿಂದ ಅಗಸಿಯೊಳಕ್ಕೆ ಓಡಿಸುವ ದಿನ. ಅಗಸಿಗೆ ಅಡ್ಡ ಕಟ್ಟಿದ ಬೇವಿನ ಹಗ್ಗವನ್ನು ಬಿಳಿ ಎತ್ತು ಮೊದಲು ಹರಿದರೆ ಬಿಳಿಜೋಳದ ಪೀಕು ಚಲೋ, ಕೆಂದೆತ್ತು ಹರಿದರೆ ಕೆಂಪು ಕಾಳಿನದು ಚಲೋ. ಇದಕ್ಕೆ ಕರಿ ಹರಿಯುವುದು ಎನ್ನುತ್ತೇವೆ. ಮೈಂದರ್ಗಿಯಲ್ಲಿ ನಮ್ಮ ಓಣಿಯವರು ಮಧ್ಯಾಹ್ನವೇ ಮುಗಿಸುತ್ತಿದ್ದರು. ಹನ್ನೂರಿನಲ್ಲಿ ಹೊತ್ತು ಇಳಿದ ಮೇಲೆ. ಹಬ್ಬದ ಸಂಜೆ ಬಾ ಎಂದು ಅಣ್ಣನನ್ನು ಕರೆದವಳು ನಾನೇ. ಇಲ್ಲಿ ಕರಿ ತಡ ಎಂದು ಹೇಳಲು ನನಗೆ ನೆನಪಾಗಿತ್ತು. ಹೋಳಿಗೆಯ ಗಡಿಬಿಡಿಯಲ್ಲಿ, ಅಕ್ಕಲಕೋಟೆಗೆ ಹೋಗುವ ಯಾರ ಕೈಯಲ್ಲಾದರೂ ಹೇಳಿ ಕಳಿಸಿದರಾಯಿತು ಎಂದು ಬಿಟ್ಟೆ. ಕಳಿಸಲಿಲ್ಲ.

ಎತ್ತುಗಳು ಅಗಸಿಯ ಮುಂದೆ ಸಾಲಾಗಿ ನಿಂತಿದ್ದವು. ಹಲಗೆ ಬಡಿಯುವವರು ಇನ್ನೂ ಕೈ ಎತ್ತಿರಲಿಲ್ಲ. ಆಗ ಹಳ್ಳದ ತಿರುವಿನಲ್ಲಿ ಆ ಸಪ್ಪಳ.

ಎಲ್ಲ ಎತ್ತುಗಳೂ ಒಮ್ಮೆಗೇ ಹಗ್ಗ ಕಿತ್ತುಕೊಂಡು ನುಗ್ಗಿದವು. ಬೇವಿನ ಹಗ್ಗ ಯಾವುದರ ಕೊರಳಿಗೆ ಸಿಕ್ಕಿ ಹರಿಯಿತೋ ಯಾರಿಗೂ ಕಾಣಲಿಲ್ಲ. ನಮ್ಮ ಮಾವನ ಕೆಂದೆತ್ತು ಅಗಸಿಯ ಕಲ್ಲಿಗೆ ಬಡಿದು ಅದರ ಬಲಗೊಂಬು ಬುಡಕ್ಕೆ ಮುರಿಯಿತು. ಕೊಡಣಸು ದೂರ ಉರುಳಿತು. ಬಳಿದ ಹಳದಿ ಬಣ್ಣದ ಮೇಲೆ ರಕ್ತ ಇಳಿಯಿತು.

ಅಣ್ಣ ಆ ಹೊತ್ತಿಗೆ ಯಂತ್ರ ನಿಲ್ಲಿಸಿ ತಳ್ಳಿಕೊಂಡು ಬರುತ್ತಿದ್ದ. ಅವನ ಮುಖದಲ್ಲಿ ಬಣ್ಣವೇ ಇರಲಿಲ್ಲ. ಯಾರೋ ಅವನ ಟೊಪ್ಪಿಗೆ ಕಿತ್ತು ಎಸೆದರು.

"ಬಡೀರಿ ಮಗಗ! ಊರ ಪೀಕಿನ ಮ್ಯಾಲೆ ಮಣ್ಣ ಹಾಕಿದ!"

ಊರ ಗೌಡರು ಕೈ ಅಡ್ಡ ಹಿಡಿದರು. "ತಡೀರೋ. ತಮ್ಮಾ, ಮೊದಲ ನೀ ಸುಮ್ಮ ಬರ್ತಿದ್ದಿ. ಹಿಂಗ ಒದರಿಸ್ಕೋತ ಬಾ ಅಂತ ನಿನಗ ಯಾರರೆ ಹೇಳಿದ್ರೇನು?"

ಅಣ್ಣ ಹೆಂಗಸರ ಕಡೆ ನೋಡಿದ. ನನ್ನನ್ನು ನೋಡಿದ. ಅತ್ತೆಯ ಮೊಳಕೈ ನನ್ನ ಮೊಳಕೈಗೆ ತಾಗಿತ್ತು. ನಾನು ಆರತಿಯ ದೀಪಕ್ಕೆ ಗಾಳಿ ಬಡಿಯದಂತೆ ಅಂಗೈ ಅಡ್ಡ ಹಿಡಿದು ಅದನ್ನೇ ನೋಡುತ್ತ ನಿಂತೆ.

"ಯಾರೂ ಹೇಳಿಲ್ಲರಿ," ಎಂದ. "ಹುಕಿ ಬಂತು, ತೆಗದೆ. ನಂದ ತಪ್ಪರಿ."

ಮಾವ ಅಂದರು: "ಇನ್ನ ಈ ಅಗಸ್ಯಾಗ ನಿನ್ನ ಗಾಡಿ ಕಾಲಿಡಬಾರ್ದು."

ಸುದ್ದಿ ಸಂತೆಯಿಂದ ಸಂತೆಗೆ ಹೋಯಿತು. ಅಣ್ಣ ಮುಚ್ಚಳಕ್ಕೆ ತಂತಿ ಸುತ್ತಿ ಬಿಗಿದ. ಆದರೆ ಗಾಡಿ ಎಷ್ಟು ಮೆತ್ತಗೆ ಬಂದರೂ ಜನರ ಕಿವಿಯಲ್ಲಿ ಹಳೆಯ ಸಪ್ಪಳವೇ ಇತ್ತು. ಅವನಿಗೆ ಕೋಡು ಮುರಿದವನು ಎಂದು ಹೆಸರಿಟ್ಟರು. ಸಿಡುಬು ಬಾರದಂತೆ ದೇವಿ ಹಾಕಲು ಫಟಫಟಿಯ ಮೇಲೆ ಬಂದ ಒಬ್ಬ ಪಾಪದ ಕಂಪೌಂಡರನಿಗೂ ನಮ್ಮೂರಲ್ಲಿ ಕುಡಿಯಲು ನೀರು ಕೊಡಲಿಲ್ಲ. ಸುತ್ತಲಿನ ರೈತರು ಅಣ್ಣನ ಅಂಗಡಿಗೆ ಮಾಲು ಹಾಕುವುದನ್ನು ಬಿಟ್ಟರು. ಸಾವಕಾರ ಗಾಡಿ ಕಸಿದುಕೊಂಡು, ಅವನನ್ನು ವಿಜಾಪುರ ರಸ್ತೆಯ ಗೋದಾಮಿನಲ್ಲಿ ಚೀಲ ಹೊರಿಸುವ ಕೆಲಸಕ್ಕೆ ಹಾಕಿದ. ಮಾತಿನಿಂದ ಊರೂರು ಗೆದ್ದವನು ಗೋಡೆಗಳ ನಡುವೆ ಕೂತ.

ಕೆಲವು ವರ್ಷಗಳಲ್ಲಿ ಅತ್ತೆ ತೀರಿಕೊಂಡಳು. ನಾನು ಅಷ್ಟು ಹೆದರಬೇಕಾದವರು ಇನ್ನಾರೂ ಇರಲಿಲ್ಲ, ಆದರೂ ಬಾಯಿ ಬಿಡಲಿಲ್ಲ. ಮೂವತ್ತರ ದಶಕದ ನಡುವಿನಲ್ಲಿ ಅಕ್ಕಲಕೋಟೆಯ ಕಡೆಯಿಂದ ಬಾಡಿಗೆ ಮೋಟಾರು ಬರತೊಡಗಿದ ಮೇಲೆ, ಒಂದು ಕಾರಹುಣ್ಣಿಮೆಗೆ ಅಣ್ಣ ಅದರಲ್ಲಿ ಬಂದಿಳಿದ. ಹಳ್ಳದಿಂದ ನಡೆದೇ ಬಂದ. ಅಗಸಿಯ ಮುಂದೆ ಎತ್ತುಗಳು ನಿಂತಿದ್ದವು. ಮುದುಕರಾದ ಮಾವ ಅವನನ್ನು ಕಂಡು ಕೂಗಿದರು:

"ಬಂದ ನೋಡ್ರೆಪಾ ಕ್ವಾಡ ಮುರದಾಂವ! ಹಗ್ಗಾ ಗಟ್ಟಿ ಹಿಡೀರಿ!"

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಕ್ಕು, ಎತ್ತುಗಳ ಕಣ್ಣಿಗೆ ತಾನು ಬೀಳಬಾರದೆಂಬಂತೆ ಅಗಸಿಯ ಕಲ್ಲಿನ ಹಿಂದಕ್ಕೆ ಸರಿದು ನಿಂತ. ಬರಿಗಾಲಿನಲ್ಲಿ ಬಂದವನು, ಒಂದು ಸದ್ದೂ ಮಾಡದವನು.

ನಾನು ಆರತಿ ತಟ್ಟೆಯನ್ನು ನೆಲಕ್ಕಿಟ್ಟೆ. ಸೊಸೆ ಮಾವನ ಎದುರು, ಅದೂ ಊರ ಮುಂದೆ, ಬಾಯಿ ತೆರೆಯುವ ರೂಢಿ ನಮ್ಮಲ್ಲಿ ಇರಲಿಲ್ಲ. ಹಲಗೆ ಬಡಿಯಲು ಎತ್ತಿದ ಕೈಗಳು ಇಳಿದವು.

"ಮಾವಾರ, ಕ್ವಾಡ ಮುರದಾಕಿ ನಾನ್ರಿ. ಮುಚ್ಚಳಾ ತೆಗದು ಬಾ ಅಂತ ನಾನ ಹೇಳಿದ್ದೆ, ಅಂವ ಬಂದದ್ದು ನನಗ ಕೇಳಲಿ ಅಂತ. ಇಲ್ಲಿ ಕರಿ ತಡ ಆಗ್ತದ ಅಂತ ಹೇಳಿ ಕಳಸಲಿಲ್ಲ. ಗೌಡರು ಕೇಳಿದಾಗ ನಾ ಇಲ್ಲೇ ನಿಂತಿದ್ದೆ."

ನಾನು ಕಲ್ಲಿನ ಹಿಂದೆ ನಿಂತವನ ಕಡೆ ತಿರುಗಿದೆ. ಅವನು ಬೇಡ ಎಂಬಂತೆ ಕೈ ಆಡಿಸುತ್ತಿದ್ದ.

"ಅಣ್ಣಾ," ಎಂದೆ, ಊರಿಗೆಲ್ಲ ಕೇಳುವಂತೆ, "ನಂದು ತಪ್ಪಾತು. ಹೊಟ್ಟ್ಯಾಗ ಹಾಕ್ಕೋ."