ಸೂರಕ್ಕಿಗೆ ಉಳಿಸಿದ ದಾಸವಾಳ

ಮಕ್ಕಳೇ, ಬಿರುಗಾಳಿಗೆ ಸಿಕ್ಕಿದ ಹಮ್ಮಿಂಗ್ ಬರ್ಡ್‌ಗಳಿಗೆ ಪರದೇಶದವರು ಹಿತ್ತಿಲಲ್ಲಿ ಸಕ್ಕರೆ ನೀರು ತೂಗುಹಾಕುವುದನ್ನು ಮೊಬೈಲಿನಲ್ಲಿ ತೋರಿಸಿದಿರಲ್ಲ, ಆಗ ನನಗೆ ನಮ್ಮ ಸೂರಕ್ಕಿ ನೆನಪಾಯಿತು. ಅದೂ ಹೆಬ್ಬೆರಳಿನಷ್ಟೇ ಹಕ್ಕಿ, ಹೂವಿನ ರಸವೇ ಅದರ ಊಟ. ನೀವೆಲ್ಲ ಸುತ್ತ ಕೂತಾಗ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ವರ್ಷ ಕಾರ್ತಿಕದಲ್ಲಿ ಎಲ್ಲೋ ಕಡಲಲ್ಲಿ ಎದ್ದ ಚಂಡಮಾರುತ ನಮ್ಮ ಜಯಲಕ್ಷ್ಮಿಪುರಂವರೆಗೂ ಬಂದಿತ್ತು. ಹಗಲೆಲ್ಲ ಸಂಜೆಯಂತೆಯೇ ಇತ್ತು. ಬೀದಿಯ ಮರಗಳು ನೀರಿನೊಳಗೆ ನಿಂತು ತೂಗುತ್ತಿರುವ ಹಾಗೆ ಕಾಣುತ್ತಿದ್ದವು. ರಸ್ತೆ ತುಂಬ ಹೂವು ಉದುರಿ ಗಿಡಗಳು ಬರಿದಾಗಿದ್ದವು. ನಮ್ಮ ಕಾಂಪೌಂಡಿನ ಪಕ್ಕ, ಕಿಟಕಿಯ ಸಜ್ಜೆಯ ಮರೆಯಲ್ಲಿದ್ದ ಕೆಂಪು ದಾಸವಾಳದಲ್ಲಿ ಮಾತ್ರ ಮೂರೋ ನಾಲ್ಕೋ ಮೊಗ್ಗು ಉಳಿದಿದ್ದವು. ಅಲ್ಲೇ ಒಂದು ಸೂರಕ್ಕಿ ಪುಕ್ಕ ಉಬ್ಬಿಸಿಕೊಂಡು ಕೂತಿತ್ತು, ನಿಂಬೆಹಣ್ಣಿಗೆ ಕೊಕ್ಕು ಬಂದ ಹಾಗೆ. ಹಾರಲು ಹೋದರೆ ಗಾಳಿ ಅದನ್ನು ಗೋಡೆಗೆ ಒತ್ತುತ್ತಿತ್ತು.

ಕಿಟಕಿಯ ಸರಳಿಗೆ ಹಳೆಯ ಮೊರ ಕಟ್ಟಿ ಕೊಂಬೆಗೆ ಸೂರು ಮಾಡಿದೆ. ಬಟ್ಟಲಲ್ಲಿ ಸಕ್ಕರೆ ನೀರಿಟ್ಟೆ, ಹಕ್ಕಿ ತಿರುಗಿಯೂ ನೋಡಲಿಲ್ಲ. ಅದಕ್ಕೆ ಹೂವೇ ಬೇಕು. ಮೊಗ್ಗುಗಳು ಬೆಳಿಗ್ಗೆ ಅರಳುತ್ತವೆ. ಆದರೆ ನಮ್ಮ ಬೀದಿಯಲ್ಲಿ ಬೆಳಕು ಹರಿದ ಸ್ವಲ್ಪ ಹೊತ್ತಿಗೆಲ್ಲ ಗಿಡದಲ್ಲಿ ಹೂವಿರುವುದಿಲ್ಲ. ವಾಕಿಂಗ್ ಬರುವವರು ಕವರ್ ಹಿಡಿದು, ಕಾಂಪೌಂಡಿನ ಮೇಲಿಂದ ಕೈ ಚಾಚಿ ಪೂಜೆಗೆ ಬಿಡಿಸುತ್ತಾರೆ. ಮಿಕ್ಕಿದ್ದನ್ನು ನಾನು ಬಿಡಿಸುತ್ತೇನೆ. ಅದರಿಂದ ಹಕ್ಕಿಗೆ ಉಪವಾಸ ಬೀಳುತ್ತದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ದೇವರಿಗೆ ಹೋಗುವ ಹೂವನ್ನು ಬೇಡ ಎನ್ನುವುದು ಹೇಗೆ? ನಿಮ್ಮ ತಾತ ಇದ್ದಾಗ ಇಂಥ ಮಾತೆಲ್ಲ ಅವರೇ ಆಡುತ್ತಿದ್ದರು.

ಮರುದಿನ ವಿಭೂತಿ, ಪತ್ರೆಯಲ್ಲೇ ನನ್ನ ಪೂಜೆ ಮುಗಿಸಿ ಬಾಗಿಲಲ್ಲಿ ನಿಂತೆ. ಹಿಂದಿನ ರಸ್ತೆಯ ಹಿರಿಯಾಕೆ, ನಾನು ಅಕ್ಕ ಅನ್ನುವವರು, ಛತ್ರಿ ಹಿಡಿದು ಬಂದು ಕೊಕ್ಕೆ ಕೋಲು ಮೇಲೆತ್ತಿದರು.

“ಅಕ್ಕಾ, ಇವತ್ತು ಆ ಹೂವ ಬುಟ್ಬುಡಿ.” ನನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು.

“ಯಾಕ್ ಕಣಮ್ಮ? ಕಾರ್ತಿಕ ಸೋಮವಾರ. ಬೇರೆಲ್ಲೂ ಒಂದು ಹೂವಿಲ್ಲ.”

“ಅದಕ್ಕೇಯ. ಸೂರಕ್ಕಿ ನಿನ್ನೆಯಿಂದ ಉಪವಾಸ ಕೂತೈತೆ.”

“ನಾನೂ ಉಪವಾಸವೇ ಕಣಮ್ಮ, ಸೋಮವಾರ ಅಲ್ವಾ.”

“ನಿಮಗೆ ರಾತ್ರಿಗೆ ಉಪ್ಪಿಟ್ಟೈತೆ ಅಕ್ಕಾ. ಅದಕ್ಕೇನೈತೆ?”

ಅವರು ನನ್ನನ್ನೇ ದಿಟ್ಟಿಸಿದರು. “ನಿಂಗೆ ಬಾಯೇ ಇಲ್ಲ ಅಂದ್ಕೊಂಡಿದ್ದೆ,” ಎಂದು ನಕ್ಕು ಕೋಲು ಇಳಿಸಿದರು.

ಇಬ್ಬರೂ ಒಂದೇ ಛತ್ರಿಯಡಿ ನಿಂತೆವು. ಮಳೆಯ ಸದ್ದು ದೂರ ಸರಿದ ಹಾಗಾಯಿತು. ಹಕ್ಕಿ ಒಂದು ಕೊಂಬೆ ಇಳಿಯಿತು, ತಡೆದು ಇನ್ನೊಂದು ಇಳಿಯಿತು, ಹೂವಿನ ಬುಡಕ್ಕೆ ಕೊಕ್ಕು ಊರಿತು. ನಾನು ಏನೋ ಹೇಳಹೊರಟೆ.

“ಮಾತಾಡ್ಬೇಡ ಕಣಮ್ಮ,” ಅಂದರು ಅಕ್ಕ, ಉಸಿರಿನಲ್ಲೇ. “ಕುಡೀತಾ ಐತೆ.”

ಆಮೇಲೆ ಕವರ್ ಹಿಡಿದು ಬಂದವರನ್ನೆಲ್ಲ ಅವರೇ ಗೇಟಿನಿಂದ ಹಿಂದಕ್ಕೆ ಕಳಿಸಿದರು. ಗಾಳಿ ಇಳಿದ ಬೆಳಿಗ್ಗೆ ಸೂರಕ್ಕಿ ಎದುರು ಮನೆಯ ವೈರಿನ ಮೇಲೆ ಕೂತು, ಒದ್ದೆ ರೆಕ್ಕೆಯನ್ನು ಒಂದೊಂದಾಗಿ ಬಿಸಿಲಿಗೆ ಬಿಚ್ಚುತ್ತಿತ್ತು.