ತುಟಿಯ ಮೇಲಿನ ಕಾದಂಬರಿ

ಶೇವಂತಿ ಓದಿ ಹಿಂತಿರುಗಿಸಿದ ಪುಸ್ತಕವನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸಬಹುದಿತ್ತು. ಮೂಗಿನ ಹತ್ತಿರ ಹಿಡಿದರೆ ಮಗ್ಗದ ಎಣ್ಣೆಯ ವಾಸನೆ, ಪುಟ ತಿರುವಿದರೆ ನಡುವೆ ನೂಲಿನ ಎಳೆ. ರಬಕವಿಯಲ್ಲಿ ನೇಕಾರರೇ ಸೇರಿ ನಡೆಸುತ್ತಿದ್ದ ಒಂದು ಸಣ್ಣ ವಾಚನಾಲಯ ನನ್ನ ಕೈಯಲ್ಲಿತ್ತು. ಪುಸ್ತಕದ ಮೇಲೆ ಚಹಾದ ಕಪ್ಪು ಇಟ್ಟವರನ್ನು ಎಬ್ಬಿಸಿ ಹೊರಗೆ ಕಳಿಸಿದವನು ನಾನು. ಹಾಳೆಯ ಮೂಲೆ ಮಡಚಿ ಗುರುತು ಮಾಡುವವರ ಜೊತೆ ಮಾತು ಬಿಟ್ಟವನು. ಅಂಥವನು ಶೇವಂತಿಯ ಎಣ್ಣೆಬೆರಳನ್ನು ಎಷ್ಟೋ ವರ್ಷ ಸಹಿಸಿದೆ. ನನ್ನ ಕಪಾಟಿನ ಕಾದಂಬರಿಗಳನ್ನು ಆಕೆಯಷ್ಟು ಚೆನ್ನಾಗಿ ಬಳಸಿದವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಆಕೆ ಬನಹಟ್ಟಿ ರಸ್ತೆಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುತ್ತಿದ್ದಳು. ಏಳನೆಯ ಇಯತ್ತೆ ಮುಗಿಸಿ ಸಾಲಿ ಬಿಟ್ಟವಳು. ಗಂಡ ಶಿದ್ರಾಮಪ್ಪನದು ಮಗ್ಗದ ಬೀಮಿಗೆ ಹಾಸುನೂಲು ಸುತ್ತುವ ಕೆಲಸ. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಮನೆಯಲ್ಲಿ ಮಾತಿಲ್ಲ, ಶೆಡ್ಡಿನಲ್ಲಿ ಮಾತು ಕೇಳುವುದಿಲ್ಲ, ಅದಕ್ಕೇ ಈಕೆ ಕಾದಂಬರಿಯ ಬೆನ್ನು ಹತ್ತಿದ್ದಾಳೆ ಅಂತ ನಾನು ಅಂದುಕೊಂಡಿದ್ದೆ. ಒಂದು ಪ್ರೇಮ ಕಾದಂಬರಿ ಕೊಟ್ಟಾಗ ಎರಡೇ ದಿನಕ್ಕೆ ಮರಳಿ ತಂದಿಟ್ಟಳು.

"ಇದು ಬ್ಯಾಡ್ರಿ. ಜನ ಊರು ಬಿಟ್ಟು ಹೋಗಬೇಕು. ಮನಿಯಾಗ ಮಂದಿ ಭಾಳ ಇರಬೇಕು. ಯುದ್ಧ ಇದ್ರ ಇನ್ನೂ ಛಲೋ. ಬರೇ ಒಬ್ಬ ಹುಡುಗ ಒಬ್ಬಾಕಿ ಹುಡುಗಿ ಅಂದ್ರ ಶೆಡ್ಡಿನ್ಯಾಗ ಯಾರೂ ಕೇಳಂಗಿಲ್ರಿ."

"ಶೆಡ್ಡಿನ್ಯಾಗ ಗುಡುಗು ಬಿದ್ರೂ ಕೇಳಂಗಿಲ್ಲ. ನಿನ್ನ ಕಾದಂಬರಿ ಯಾರು ಕೇಳ್ತಾರ?" ಎಂದೆ.

"ಬಂದು ನೋಡ್ರಿ," ಎಂದಳು.

ಹೋಗಿ ನೋಡಿದೆ. ಪವರ್‌ಲೂಮಿನ ಸದ್ದು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಒಳಗೆ ಕಾಲಿಟ್ಟರೆ ನಿಮ್ಮ ಕೆಮ್ಮು ನಿಮಗೇ ಕೇಳುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಮಾತಾಡುವುದು ತುಟಿಯಿಂದ. ದನಿ ಹೊರಡಿಸುವುದಿಲ್ಲ, ಬಾಯಿ ಮಾತ್ರ ಅಗಲಿಸಿ ಒಂದೊಂದೇ ಶಬ್ದ ಆಡುತ್ತಾರೆ. ಎದುರಿನವರು ನೋಡಿ ತಿಳಿಯುತ್ತಾರೆ. ಶೇವಂತಿ ಸಂಜೆ ಮನೆಯಲ್ಲಿ ಓದಿದ್ದನ್ನು ಮರುದಿನ ತನ್ನ ಮಗ್ಗಗಳ ನಡುವೆ ಓಡಾಡುತ್ತ ತುಟಿಯ ಮೇಲೆ ಹೇಳುತ್ತಿದ್ದಳು. ಎದುರಿನ ಮಗ್ಗದವರು ನೋಡಿ ಪಕ್ಕಕ್ಕೆ ದಾಟಿಸುತ್ತಿದ್ದರು. ಹೀಗೆ ಕತೆ ಶೆಡ್ಡಿನ ಆ ತುದಿಯವರೆಗೆ ಹೋಗುತ್ತಿತ್ತು, ಆದರೆ ಹೊರಟ ಹಾಗೆ ಹೋಗುತ್ತಿರಲಿಲ್ಲ.

ಆ ದಿನಗಳಲ್ಲಿ ಆಕೆ ಒಯ್ದಿದ್ದ ಕಾದಂಬರಿಗೆ ಮುಖಪುಟ ಇರಲಿಲ್ಲ. ಮೊದಲ ಹಾಳೆಗಳೂ ಹೋಗಿದ್ದವು. ಅದರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಹೊಳೆದಂಡೆಯ ಒಂದು ನೇಕಾರ ಕುಟುಂಬ ಹಡಗು ಹತ್ತಿ ಬರ್ಮಾಕ್ಕೆ ಹೋಗಿ ನೆಲೆಸುತ್ತದೆ. ಮಹಾಯುದ್ಧ ಬಂದಾಗ ಮುದುಕರು ಮಕ್ಕಳನ್ನು ಕಟ್ಟಿಕೊಂಡು ಕಾಡಿನಲ್ಲಿ ನಡೆದು ಹಿಂತಿರುಗುತ್ತದೆ. ಹಿರಿಯ ಮಗ ಸೈನ್ಯ ಸೇರುತ್ತಾನೆ. ಅಲ್ಲಿ ಅವನಿಗೊಬ್ಬ ಗೆಳೆಯ. ಭಾಷೆ ಬೇರೆ, ಊಟ ಬೇರೆ, ಹಾಸಿಗೆ ಮಾತ್ರ ಒಂದೇ. ಶೆಡ್ಡಿನ ಕೊನೆಯ ಮಗ್ಗದಲ್ಲಿದ್ದ ಸಾತಪ್ಪನಿಗೆ ಈ ಕತೆ ಒಂದು ತಿಂಗಳು ಅರ್ಥವಾಗಲಿಲ್ಲ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ. ಬರ್ಮಾ ಎಂದದ್ದನ್ನು ಅವನು ಪರ್ಮಾ ಎಂಬ ಒಬ್ಬ ಮನುಷ್ಯ ಎಂದು ತಿಳಿದಿದ್ದ.

"ಅಲ್ಲವಾ ಶೇವಂತಿ, ಆ ಪರ್ಮ್ಯಾ ಎಂಥಾ ಕೆಟ್ಟ ಮನಷ್ಯಾ ಇದ್ದಾನು. ಇಡೀ ಮನಿತನ ಅವನ ಕೈಯಾಗಿಂದ ತಪ್ಪಿಸಿಕೊಂಡು ಕಾಡು ಬಿದ್ದೈತಿ, ಒಬ್ರೂ ಪೊಲೀಸರಿಗೆ ಹೇಳಂಗಿಲ್ಲೇನು?" ಎಂದು ಊಟದ ಹೊತ್ತಿನಲ್ಲಿ ಕೇಳಿದನಂತೆ. ಅವತ್ತಿನಿಂದ ಸಾತಪ್ಪನಿಗೆ ಪರ್ಮ್ಯಾ ಅಂತಲೇ ಹೆಸರು ಬಿತ್ತು.

ನಕ್ಕವರಲ್ಲಿ ಅನಸವ್ವನೂ ಇದ್ದಳು. ಆಕೆ ನಗುವುದನ್ನು ಶೆಡ್ಡಿನವರು ನೋಡಿದ್ದು ಅವತ್ತೇ ಮೊದಲು.

ಅನಸವ್ವ ಬೀಳಗಿ ಕಡೆಯವಳು. ಗಂಡ ಗಂಗಾರಾಮ ತೀರಿಕೊಂಡು ಬಹಳ ದಿನವಾಗಿತ್ತು, ಒಬ್ಬನೇ ಮಗ ದುರಗೇಶ ಮಿಲಿಟರಿ ಸೇರಿದ್ದ. ಆಕೆಯ ಊರು ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿದ್ದ ಊರು. ಸರಕಾರ ಕೊಟ್ಟ ಹೊಸ ಊರಿನಲ್ಲಿ ತಗಡಿನ ಕೆಳಗೆ ಒಬ್ಬಳೇ ಇರಲಾರದೆ, ದುಡಿಮೆ ಇರುವ ಕಡೆ ಎಂದು ರಬಕವಿಗೆ ಬಂದಿದ್ದಳು. ಬರುವಾಗ ಹಳೆಯ ಮನೆಯ ಬಾಗಿಲಿನ ಚೌಕಟ್ಟನ್ನು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಳು. ಬಾಡಿಗೆ ಕೋಣೆಗೆ ಅದು ಹೊಂದುವಂತಿರಲಿಲ್ಲ. ಹೊರಗೋಡೆಗೆ ಒರಗಿಸಿ ನಿಲ್ಲಿಸಿದಳು. ನೋಡಿದವರಿಗೆ ಗೋಡೆಗೇ ಬಾಗಿಲು ಹಚ್ಚಿದಂತೆ ಕಾಣುತ್ತಿತ್ತು.

ಕೆಲಸ ಕಲಿಸಿದವಳು ಶೇವಂತಿ. ತುಟಿಮಾತು ಕಲಿಸಿದವಳೂ ಶೇವಂತಿ. ಅನಸವ್ವನಿಗೆ ಓದು ಬರುತ್ತಿರಲಿಲ್ಲ, ಆದರೆ ಕತೆಯ ಹಸಿವು ಎಲ್ಲರಿಗಿಂತ ಜಾಸ್ತಿ. ಊರು ಬಿಟ್ಟ ಆ ಕುಟುಂಬ ಆಕೆಗೆ ತನ್ನದೇ ಬಳಗ. ಬೆಳಿಗ್ಗೆ ಮಗ್ಗ ಚಾಲೂ ಮಾಡುವ ಮೊದಲೇ ತುಟಿ ಅಲುಗಾಡುತ್ತಿತ್ತು: "ಮುಂದ?"

1999ರ ಬೇಸಿಗೆ ಬಂತು, ಕಾರ್ಗಿಲ್‌ನಲ್ಲಿ ಯುದ್ಧ ಶುರುವಾಯಿತು. ದುರಗೇಶನ ತೋಪಿನ ದಳ ಅಲ್ಲಿಯೇ ಇತ್ತು. ವಾಚನಾಲಯದ ಪಕ್ಕದ ಎಸ್‌ಟಿಡಿ ಬೂತಿಗೆ ಅಪರೂಪಕ್ಕೆ ಅವನ ಫೋನು ಬರುತ್ತಿತ್ತು. ಹಿಮಾಚಲದ ರೋಶನಲಾಲ ಅಂತ ಗೆಳೆಯನಿದ್ದಾನೆ, ನನ್ನ ಪಾಲಿನ ಚಪಾತಿಯನ್ನೂ ಅವನೇ ತಿನ್ನುತ್ತಾನೆ ಎಂದು ನಗುತ್ತಿದ್ದ. ಜೂನಿನಲ್ಲಿ ಫೋನು ನಿಂತಿತು. ದಿನವೂ ಪೇಪರಿನಲ್ಲಿ ತೀರಿಕೊಂಡ ಹುಡುಗರ ಫೋಟೋ. ಅನಸವ್ವ ಪೇಪರು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು. ಮಗನ ಸುದ್ದಿ ಬಿಟ್ಟು ಬೇರೆ ಚಿಂತೆ ಆಕೆಗಿರಲಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ.

"ಕಾದಂಬರಿಯಾಗಿನ ಹುಡುಗಾ ತಿರುಗಿ ಬಂದ್ನೇನು?"

ಶೇವಂತಿ ಕೊನೆಯವರೆಗೆ ಓದಿಬಿಟ್ಟಿದ್ದಳು. ಆ ಹುಡುಗ ಬರುವುದಿಲ್ಲ. ಅದನ್ನು ಅನಸವ್ವನ ಮುಂದೆ ಹೇಗೆ ಹೇಳುವುದು? ಬಂದ ಅಂತ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕಡೆಗೆ ಕೊನೆಯ ಹಾಳೆಗಳು ಹರಿದು ಹೋಗಿವೆ ಎಂದು ಹೇಳಿಬಿಟ್ಟಳು.

ಇಷ್ಟಾದರೆ ನನಗೇನೂ ಇರಲಿಲ್ಲ. ಆದರೆ ಅನಸವ್ವ ನೆಟ್ಟಗೆ ವಾಚನಾಲಯಕ್ಕೇ ಬಂದು, ನಾಲ್ಕು ಜನರ ಮುಂದೆ, "ಕಡೀ ಹಾಳಿ ಎಲ್ಲಿ ಒಗದೀರಿ? ಹರಕ ಪುಸ್ತಕ ಮಂದಿಗೆ ಕೊಡಾಕ ನಾಚಿಗಿ ಬರಂಗಿಲ್ಲೇನ್ರಿ?" ಎಂದು ನನ್ನ ಮಾನ ಕಳೆದಳು. ನನಗೆ ಮೈಯೆಲ್ಲ ಉರಿದುಹೋಯಿತು. ಮೊದಲ ಹಾಳೆ ಹೋದದ್ದು ನಿಜ, ಕೊನೆಯ ಹಾಳೆ ಹೋಗಿರಲಿಲ್ಲ. ಪ್ರತಿ ಪುಸ್ತಕದ ಕೊನೆಯ ಹಾಳೆ ನೋಡಿಯೇ ಕೊಡುವವನು ನಾನು. ಮರುದಿನವೇ ಶೇವಂತಿಯಿಂದ ಪುಸ್ತಕ ಕಸಿದು ಅನಸವ್ವನ ಮೂಗಿನ ಮುಂದೆ ಹಿಡಿಯುತ್ತೇನೆ ಎಂದು ಶೆಡ್ಡಿಗೆ ಹೊರಟೆ.

ಬಾಗಿಲಲ್ಲಿ ಧರೆಪ್ಪ ಸಿಕ್ಕ. ಪೇಪರು ಹಂಚುವವನು, ಹುನ್ನೂರಿನವನು. ಶೆಡ್ಡಿನ ರೀತಿ ಗೊತ್ತಿಲ್ಲದವನು. ಸೈಕಲ್ಲು ಒಗೆದು ಒಳಗೆ ನುಗ್ಗಿದ. ಎದೆಗೆ ಒಂದು ಪೇಪರು ಒತ್ತಿ ಹಿಡಿದುಕೊಂಡಿದ್ದ. ಅನಸವ್ವನ ಕಡೆ ನೋಡಿ ಗಂಟಲು ಹರಿಯುವಂತೆ ಏನೋ ಕೂಗಿದ. ಪಕ್ಕದಲ್ಲೇ ನಿಂತ ನನಗೂ ಕೇಳಲಿಲ್ಲ.

ಅನಸವ್ವ ಅವನ ತುಟಿ ನೋಡಿದಳು. ಪೇಪರು ನೋಡಿದಳು.

ಆಮೇಲೆ ಕೈ ಚಾಚಿ ತನ್ನ ಮಗ್ಗ ನಿಲ್ಲಿಸಿದಳು. ಎರಡನೆಯದನ್ನೂ ನಿಲ್ಲಿಸಿದಳು.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಯ ಸಾವಿನ ಸುದ್ದಿ ಬಂದರೂ ಮೊದಲು ಅವರ ಮಗ್ಗ ನಿಲ್ಲಬೇಕು, ಅದನ್ನು ನೋಡಿ ಪಕ್ಕದವರದು. ಯಾಕೆಂದು ಯಾರೂ ಕೇಳುವುದಿಲ್ಲ. ಶೇವಂತಿ ತನ್ನವನ್ನು ನಿಲ್ಲಿಸಿದಳು. ಒಂದರ ಹಿಂದೆ ಒಂದು ನಿಲ್ಲುತ್ತ ಬಂದು, ಕಡೆಗೆ ಸಾತಪ್ಪನ ಮಗ್ಗ ಎರಡು ಸಲ ಹೊಡೆದು ಸುಮ್ಮನಾಯಿತು. ಕೆಲಸದ ಹೊತ್ತಿನಲ್ಲಿ ಆ ಶೆಡ್ಡು ಅಷ್ಟು ಸುಮ್ಮನಾದದ್ದನ್ನು ನಾನು ಕಂಡಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅನಸವ್ವ ಅಳಲಿಲ್ಲ. ಮಗ್ಗದ ಕಟ್ಟಿಗೆ ಹಿಡಿದು ನಿಂತೇ ಇದ್ದಳು.

ಧರೆಪ್ಪನಿಗೆ ಎಲ್ಲರೂ ತನ್ನ ಮಾತು ಕೇಳಲೆಂದೇ ಮಗ್ಗ ನಿಲ್ಲಿಸಿದ್ದಾರೆ ಅನ್ನಿಸಿರಬೇಕು. ಮತ್ತೆ ಅದೇ ಮಾತು ಹೇಳಿದ. ಈ ಸಲ ಕೇಳಿಸಿತು.

"ನಿಮ್ಮ ದುರಗೇಶ. ಪೇಪರನ್ಯಾಗ ಬಂದಾನ. ಓದ್ರಿ ಅಂದೆ, ಓದ್ರಿ."

ಹ ಅನ್ನುವ ಅಕ್ಷರ ತುಟಿಯ ಮೇಲೆ ಕಾಣುವುದಿಲ್ಲ, ಉಸಿರಿನಲ್ಲೇ ಹೋಗಿಬಿಡುತ್ತದೆ. ಅವನು ಅಂದದ್ದು ಓದ್ರಿ. ಆಕೆ ನೋಡಿದ್ದು ಹೋದ್ರಿ, ತೀರಿಕೊಂಡ ಅಂತ.

ಅನಸವ್ವ ಕುಸಿದು ಕೂತಳು. "ಏನಂದ್ಯೋ ತಮ್ಮಾ, ಇನ್ನೊಮ್ಮಿ ಅನ್ನು," ಎಂದಳು. ಧರೆಪ್ಪ ಅಂದ. "ಇನ್ನೊಮ್ಮಿ," ಎಂದಳು. ಅವನಿಗೆ ತಾನು ಏನು ಮಾಡಿದೆನೆಂದು ಹೊತ್ತಾದ ಮೇಲೆ ಗೊತ್ತಾಗಿ, ಗಂಡಸು, ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತ.

ಶೇವಂತಿ ಪೇಪರು ಇಸಿದುಕೊಂಡು ದನಿ ತೆಗೆದು ಓದಿದಳು. ವರ್ಷಗಟ್ಟಲೆ ಜೊತೆಗೆ ದುಡಿದವರು ಶೆಡ್ಡಿನೊಳಗೆ ಆಕೆಯ ದನಿ ಕೇಳಿದ್ದು ಅವತ್ತೇ. ಗುಂಡಿನ ಸುರಿಮಳೆಯ ನಡುವೆ ಗೆಳೆಯನನ್ನು ಬೆನ್ನ ಮೇಲೆ ಹೊತ್ತು ಕೆಳಗೆ ತಂದ ಜಿಲ್ಲೆಯ ಯೋಧ ದುರಗೇಶ, ಅವನು ಕ್ಷೇಮ. ಓದುತ್ತ ಓದುತ್ತ ದನಿ ಸಣ್ಣದಾಯಿತು. ಕೆಳಗಿನ ಬಿಡಾರ ಮುಟ್ಟುವ ಹೊತ್ತಿಗೆ ಗೆಳೆಯ ರೋಶನಲಾಲ ಜೀವ ಬಿಟ್ಟಿದ್ದ.

ಹೆಂಗಸರು ಅನಸವ್ವನ ಬೆನ್ನು ಸವರುತ್ತಿದ್ದರು, ನಿನ್ನ ಮಗ ಉಳಿದ, ಪುಣ್ಯ ಮಾಡಿದ್ದಿ ಎನ್ನುತ್ತಿದ್ದರು. ಆಕೆ ಅದನ್ನು ಕೇಳಿಸಿಕೊಳ್ಳಲಿಲ್ಲ.

"ಈಗ ನಾ ನೋಡಿದ್ನಲ್ಲ, ಆ ತುಟಿ," ಎಂದಳು. "ಅದು ಆ ರೋಶನಲಾಲನ ಅವ್ವಗ ಖರೇ ಆತು."

ಶೇವಂತಿಯ ಕಡೆ ತಿರುಗಿ, "ಹಾಳಿ ಹರದಿಲ್ಲ ಹೌದಿಲ್ಲೋ? ಈಗ ಹೇಳು," ಎಂದಳು.

ಶೇವಂತಿ ಹೇಳಿದಳು. ಕಾದಂಬರಿಯ ಮಗ ಕಾಡಿನಲ್ಲೇ ಸಾಯುತ್ತಾನೆ. ಗೆಳೆಯ ಯುದ್ಧ ಮುಗಿದ ಮೇಲೆ ತನ್ನ ಮನೆಗೆ ಹೋಗುವುದಿಲ್ಲ. ಭಾಷೆ ಬಾರದ ಈ ಹೊಳೆದಂಡೆಗೆ ಕೇಳುತ್ತ ಕೇಳುತ್ತ ಬರುತ್ತಾನೆ. ಮುದುಕಿ ಬಾಗಿಲು ತೆಗೆದು ಏನೂ ಕೇಳದೆ ಅವನಿಗೆ ಊಟದ ಗಂಗಾಳ ಇಡುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ನಾಲ್ಕು ದಿನ ಬಿಟ್ಟು ಬೂತಿಗೆ ದುರಗೇಶನ ಫೋನು ಬಂತು. ಅನಸವ್ವನನ್ನು ಕರೆದುಕೊಂಡು ಬಂದವನು ನಾನೇ, ಪಕ್ಕದಲ್ಲಿ ಶೇವಂತಿ. ಎರಡು ವರ್ಷದಿಂದ ಮಗನ ಮುಖ ನೋಡದ ತಾಯಿ. ರಜೆ ಸಿಗುತ್ತದೆ ಎಂದು ಅವನು ಹೇಳಿದ್ದು ನನಗೂ ಕೇಳಿಸಿತು. ಅನಸವ್ವ ಫೋನು ಗಟ್ಟಿಯಾಗಿ ಹಿಡಿದುಕೊಂಡಳು.

"ರಜಾ ಸಿಕ್ಕ ಕೂಡ್ಲೆ ಇಲ್ಲಿ ಬರಬ್ಯಾಡ. ಮೊದಲ ನಿನ್ನ ಗೆಳ್ಯಾನ ಅವ್ವನ ಮನಿಗೆ ಹೋಗು. ಹತ್ತು ದಿನ ಇರು. ಆಕಿ ಏನ ಹಾಕತಾಳ ಅದನ್ನ ಉಣ್ಣು. ಉಳದ ರಜಾದಾಗ ಇಲ್ಲಿಗೆ ಬಾ. ನಮ್ಮ ಊರು ಇಲ್ಲ ಅಂತ ಅಂಜಬ್ಯಾಡ, ನಾ ಬಸ್‌ ಸ್ಟ್ಯಾಂಡಿಗೆ ಬಂದು ನಿಂದರತೀನಿ."

ಫೋನು ಇಟ್ಟ ಮೇಲೆ ಶೇವಂತಿಯ ಭುಜಕ್ಕೆ ಮುಖ ಒತ್ತಿಕೊಂಡು ಅತ್ತಳು. ಅಷ್ಟು ದಿನದ್ದೆಲ್ಲ ಅವತ್ತು ಹೊರಗೆ ಬಂತು. ಪುಸ್ತಕ ಕಸಿಯಬೇಕೆಂದಿದ್ದ ನಾನು ಅದನ್ನು ಕೇಳಲೇ ಇಲ್ಲ. ಅದು ಶೇವಂತಿಯ ಮನೆಯಲ್ಲೇ ಉಳಿಯಿತು.

ದುರಗೇಶ ಹಾಗೆಯೇ ಮಾಡಿದ. ಮುಂದೆ ಪ್ರತಿ ರಜೆಯಲ್ಲೂ ಮೊದಲು ಅಲ್ಲಿ, ಆಮೇಲೆ ಇಲ್ಲಿ. ಆ ತಾಯಿ ಪ್ರತಿ ಸಲ ಅನಸವ್ವನಿಗೊಂದು ಉಣ್ಣೆಯ ಶಾಲು ಕಳಿಸುತ್ತಿದ್ದಳು. ನಮ್ಮ ಬಿಸಿಲಿನಲ್ಲಿ ಅದನ್ನು ಹೊದೆಯುವವರು ಯಾರು? ಅನಸವ್ವ ಹೊದೆಯುತ್ತಿದ್ದಳು. ಶೇವಂತಿ ಆ ಕಡೆಗೆ ಸೀರೆ ನೇಯ್ದು ಕಳಿಸುತ್ತಿದ್ದಳು. ಸೇವೆ ಮುಗಿಸಿದ ಮೇಲೆ ದುರಗೇಶನಿಗೆ ಜಮಖಂಡಿಯಲ್ಲಿ ಬ್ಯಾಂಕಿನ ಕಾವಲು ಕೆಲಸ ಸಿಕ್ಕಿತು. ಅಲ್ಲೇ ಮನೆ ಕಟ್ಟಿದ, ಗೋಡೆಗೆ ಒರಗಿದ್ದ ಆ ಚೌಕಟ್ಟಿಗೆ ಕಡೆಗೂ ಒಂದು ಬಾಗಿಲು ಬಂತು. ತಾಯಿಯನ್ನು ಕರೆದುಕೊಂಡು ಹೋದ.

ಅಷ್ಟರಲ್ಲಿ ಶೇವಂತಿಯ ಕಿವಿ ಹೋಗಿತ್ತು. ಪವರ್‌ಲೂಮು ಕೂಲಿಯ ಜೊತೆ ಕೊಡುವುದು ಕಿವುಡನ್ನೇ. ಶೆಡ್ಡು ಬಿಟ್ಟು ಮನೆಯಲ್ಲಿ ರಾಟಿ ಹಿಡಿದು ಕಂಡಿಕೆಗೆ ನೂಲು ಸುತ್ತುತ್ತ ಕೂತಳು. ಆದರೆ ಆಕೆಯ ಜೊತೆ ಮಾತಾಡುವುದು ಯಾರಿಗೂ ಕಷ್ಟವಾಗಲಿಲ್ಲ. ತುಟಿ ಅಲುಗಿಸಿದರೆ ಸಾಕು. ಅಮಾವಾಸ್ಯೆಗೊಮ್ಮೆ ಅನಸವ್ವ ಜಮಖಂಡಿಯಿಂದ ಬಸ್ಸು ಹತ್ತಿ ಬರುತ್ತಿದ್ದಳು. ಇಬ್ಬರೂ ಎದುರುಬದುರು ಕೂತು, ದನಿಯಿಲ್ಲದೆ, ಮಧ್ಯಾಹ್ನವಿಡೀ ಮಾತಾಡುತ್ತಿದ್ದರು. ನಾನು ತಿಂಗಳಿಗೊಂದು ಕಾದಂಬರಿ ಒಯ್ದು ಕೊಡುತ್ತಿದ್ದೆ. ಬಾಗಿಲಲ್ಲಿ ನಿಂತು, ಪುಸ್ತಕ ಮುಂದೆ ಹಿಡಿದು, ಧರೆಪ್ಪನಂತೆ ಓದ್ರಿ ಎನ್ನುತ್ತಿದ್ದೆ. ಅದು ನಮ್ಮ ಹಳೆಯ ಚೇಷ್ಟೆ. ಆಕೆ ಪ್ರತಿ ಸಲ ನಗುತ್ತಿದ್ದಳು.

2012ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ದುರಗೇಶ ನನಗೆ ಫೋನು ಮಾಡಿದ. "ಶೇವಂತಿ ಮೌಶಿಗೆ ನೀವಽ ಹೇಳ್ರಿ, ಆಕಿಗೆ ಫೋನ್ ಕೇಳಂಗಿಲ್ಲ," ಎಂದ. ವಾಚನಾಲಯಕ್ಕೆ ಬೀಗ ಹಾಕಿ ಆಕೆಯ ಮನೆಗೆ ಹೊರಟೆ.

ಆಕೆ ರಾಟಿ ತಿರುಗಿಸುತ್ತ ಕೂತಿದ್ದಳು. ನನ್ನ ನೆರಳು ಬಿದ್ದಾಗ ತಲೆ ಎತ್ತಿದಳು. ನಾನು ಬಾಗಿಲಲ್ಲಿ ನಿಂತು ಹೇಳಿದೆ.

"ಅನಸವ್ವಾರು ಹೋದ್ರಿ."

ಆಕೆಯ ಕಣ್ಣು ನನ್ನ ತುಟಿಗೆ ಬಂದದ್ದು ಕಡೆಯ ಮಾತಿಗೆ. ಅರ್ಧ ನಕ್ಕಳು. ಸೆರಗಿಗೆ ಬೆರಳಿನ ಎಣ್ಣೆ ಒರೆಸಿಕೊಂಡು, ಪುಸ್ತಕಕ್ಕೆಂದು ಕೈ ಚಾಚಿದಳು.

"ತರ್ರಿ. ಈ ಸಲ ಯಾವುದು?"

ಚಾಚಿದ ಕೈ ಹಾಗೆಯೇ ಇತ್ತು. ಆಕೆ ನನ್ನ ಖಾಲಿ ಕೈಗಳನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

ಕೈ ಹಿಂದೆ ತೆಗೆದುಕೊಂಡು, ಇನ್ನೂ ತಿರುಗುತ್ತಿದ್ದ ರಾಟಿಯ ಮೇಲೆ ಇಟ್ಟು ನಿಲ್ಲಿಸಿದಳು.