ಶಿವಕಾಂತಕ್ಕನ ಬೆರಳು, ಕೂಸಿನ ನೀರು

“ಮಮ್ಮಿ, ದೊಡ್ಡಮ್ಮನ ಕೈಗಿ ಸುಡಂಗಿಲ್ಲೇನು?”

ನನ್ನ ಹಿರಿಮಗಳು ಸ್ವರೂಪಾ ಇದನ್ನು ಕೇಳಿದ್ದು ಹೋದ ಸೋಮವಾರ, ಅಡಿಗೆಮನೆಯ ಬಾಗಿಲಲ್ಲಿ ನಿಂತು. ಒಳಗೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಶಿವಕಾಂತಕ್ಕ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಲಿ ತಿರುವುತ್ತಿದ್ದಳು. ನಾನು ಇಕ್ಕಳ ಹಿಡಿದೂ ಸುಟ್ಟುಕೊಳ್ಳುವವಳು. ನಿಮ್ಮ ದೊಡ್ಡಮ್ಮಗ ಎಲ್ಲಾ ಬರ್ತದವ್ವ ಅಂದೆ. ಆರು ವರ್ಷದವಳಿಗೂ ನನ್ನ ದನಿಯ ಹುಳಿ ತಿಳಿದಿರಬೇಕು, ಅಂಗಳಕ್ಕೆ ಓಡಿದಳು.

ಅಕ್ಕ ಮೊಗುಡಂಪಲ್ಲಿಯಿಂದ ಈ ಜಹೀರಾಬಾದಿನ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷ. ನಮ್ಮ ಓಣಿಯ ಎಷ್ಟೋ ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆದವಳು ಅವಳೇ. ಗೋಡೆಗೆ ಬೆನ್ನು ಹಚ್ಚಿ, ಕಾಲು ಚಾಚಿ, ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಅವಳು ಎರೆದರೆ ನನ್ನ ನಾಲ್ಕು ತಿಂಗಳ ಮಗಳು ಬಚ್ಚಲಲ್ಲೇ ತೂಕಡಿಸುತ್ತಾಳೆ. ನಾನು ಎರೆದರೆ ಓಣಿಗೆಲ್ಲ ಕೇಳುವಂತೆ ಅಳುತ್ತಾಳೆ. ಅತ್ತೆ ಸುಂದರಬಾಯಿ ಬಂದವರಿಗೆಲ್ಲ ಅದನ್ನೇ ಹೇಳುವುದು: ಹಡೆದಾಕಿ ಈಕಿ, ಕೈಗುಣ ಮಾತ್ರ ಆಕೀದು. ನನ್ನ ಮಗಳ ಬೆನ್ನು ನನ್ನ ಕೈಗಿಂತ ಅವಳ ಕೈಯನ್ನೇ ಹೆಚ್ಚು ಬಲ್ಲದು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಬುಧವಾರ ತಡೆಯಲಾಗಲಿಲ್ಲ. ಕೂಸು ಆಗಲೇ ಅಕ್ಕನ ಕಾಲ ಮೇಲಿತ್ತು. ಬಕೆಟ್ಟಿನಲ್ಲಿ ಬೆರಳಾಡಿಸಿ, ಹದ ಅದ ಅಂದಳು. ಇವತ್ತು ನಾನೇ ಎರೀತೀನಿ ಎಂದು ಅವಳ ಕೈಯಿಂದ ಚೊಂಬು ಕಸಿದು ನೀರಿಗದ್ದಿದೆ. ಕೈ ತಾನಾಗಿ ಹಿಂದಕ್ಕೆ ಹಾರಿತು. ಸುಟ್ಟಿತೆಂದು ತಿಳಿದದ್ದು ಆಮೇಲೆ. ಅಕ್ಕನ ಬೆರಳುಗಳು ಕೆಂಪಗಾಗಿದ್ದವು, ಅವಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

“ಯಾಕ, ಏನಾತು?”

ಮರುದಿನ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಕಣ್ಣು ಮುಚ್ಚಿಸಿ, ತಗುಲಿದರ ಹೇಳ್ರಿ ಎಂದು ಸಣ್ಣ ನೈಲಾನ್ ಎಳೆಯೊಂದನ್ನು ಕಾಲಿಗೆ, ಬೆರಳಿಗೆ ಒತ್ತುತ್ತ ಹೋದರು. ಬೆರಳಿಗೆ ಒತ್ತಿದ್ದೂ, ಪಾದದಿಂದ ಮೊಣಕಾಲತನಕ ಒತ್ತಿದ್ದೂ ಅಕ್ಕನಿಗೆ ತಿಳಿಯಲಿಲ್ಲ.

“ಬಿಸಿ ಮುಟ್ಟೋದು ತೊಗಲಿಗಿರಿ, ತಿಳಿಯೋದು ಮಿದುಳಿಗಿ. ನಡುವ ಸುದ್ದಿ ಒಯ್ಯೋ ನರಾನೇ ಸೋತಾವ,” ಅಂದರು. ವರ್ಷಗಟ್ಟಲೆ ಯಾರೂ ನೋಡದ ಸಕ್ಕರೆ ಕಾಯಿಲೆ. ಉದ್ದನೆಯ ನರಗಳು ಮೊದಲು ಕೆಡುವುದರಿಂದ ಪಾದ ಮೊದಲು ಜೋಮು ಹಿಡಿಯುತ್ತದಂತೆ, ಕೈ ಆಮೇಲೆ. ನನ್ನ ಕೈ ಹಾರಿದ್ದು ಹೇಗೆಂದು ಕೇಳಿದೆ. ಅದು ಬೆನ್ನುಹುರಿಯ ಹುಕುಂ, ಸುದ್ದಿ ಮಿದುಳಿಗೆ ಮುಟ್ಟುವ ಮೊದಲೇ ಅಲ್ಲಿಂದಲೇ ಕೈ ಎಳೆಸುತ್ತದೆ ಎಂದರು. ಅಕ್ಕನ ಸುದ್ದಿ ಬೆನ್ನುಹುರಿಯತನಕವೂ ಸರಿಯಾಗಿ ಹೋಗುತ್ತಿರಲಿಲ್ಲ.

ಎಷ್ಟು ವರ್ಷದಿಂದ ಎಂದರೆ ಅಕ್ಕ ಲೆಕ್ಕ ತಪ್ಪಿದಳು. ಕಾಲಿಂದ ಚಪ್ಪಲಿ ಜಾರಿದ್ದು ತಿಳಿಯದೆ ಬರಿಗಾಲಲ್ಲಿ ಬಜಾರು ಮುಗಿಸಿ ಬಂದದ್ದುಂಟಂತೆ. ಅದನ್ನೆಲ್ಲ ಮನೆಯವರು ಮರೆವು ಅಂದೆವು, ರೊಟ್ಟಿ ತಿರುವುವುದನ್ನು ಕೈಗುಣ ಅಂದೆವು. ನಾನು ಇಷ್ಟು ದಿನ ಹೊಟ್ಟೆಕಿಚ್ಚು ಪಟ್ಟದ್ದು ಒಂದು ಬೇನೆಗೆ.

ಆದರೂ ಆಟೋದಲ್ಲಿ ಬರುವಾಗ ಮೊದಲು ಹೊಳೆದದ್ದು, ಇನ್ನು ಕೂಸು ನನ್ನದೇ ಎಂದು. ನಾಚಿಕೆಯಾಯಿತು. ಸುಳ್ಳು ಬರೆಯುವುದಿಲ್ಲ, ಖುಷಿಯೂ ಆಯಿತು.

ಇವತ್ತು ನಾನೇ ಎರೆಯಲು ಕೂತೆ. ಅತ್ತೆ ಹೊರಗಿನಿಂದ, ಶಿವಕಾಂತಾ ಎಲ್ಲಿ ಹೋಗ್ಯಾಳ, ಕೂಸು ಯಾಕ ಅಳ್ತದ ಎಂದು ಒಂದೇ ಸಮನೆ ಕೇಳುತ್ತಿದ್ದರು. ಬೆರಳಿನ ಸುಟ್ಟ ಗುಳ್ಳೆಗಳಿಗೆ ಪಟ್ಟಿ ಕಟ್ಟಿದ ಅಕ್ಕ ಬಚ್ಚಲ ಬಾಗಿಲಿಗೆ ಬಂದು ನಿಂತಳು, ದನಿ ತಗ್ಗಿಸಿದಳು.

“ಅತ್ತಿ ಮುಂದ ಈ ಬ್ಯಾನಿ ಹೇಳಬ್ಯಾಡ, ತಂಗಿ. ಗುಳ್ಳಿ ಮಾಯ್ದ ಮ್ಯಾಲ ನೀರಿನ ಹದ ನೀ ನೋಡು, ನೀನೇ ಹಾಕು. ಕೂಸಿಗಿ ಮಾತ್ರ ನನ್ನ ಕಾಲ ಮ್ಯಾಲ ಮಲಗಿಸು. ತೊಡಿಗಿ ಆಕಿ ಭಾರ ಇನ್ನಾ ತಿಳೀತದ.”